ಮದುವೆ ಮಾಡಿಸಿದ ಪಾದ್ರಿಯೇ ತಪ್ಪಿತಸ್ಥರಾದರೆ?

ಪ್ರಶ್ನೆ: ನಮ್ಮ ಮದುವೆ ಮಾಡಿಸಿದ ಪಾದ್ರಿಯನ್ನು ಕೆಲವು ವರ್ಷಗಳ ನಂತರ ದುರ್ನಡತೆಯ ಕಾರಣಕ್ಕೆ ಹುದ್ದೆಯಿಂದ ತೆಗೆದುಹಾಕಿದರು. ಆಮೇಲಿಂದ ನನಗೆ ಒಂದೇ ಯೋಚನೆ. ಅವರ ಕೈಯಿಂದ ಆದ ಮದುವೆಗೆ ಬೆಲೆ ಇದೆಯಾ? ಅಷ್ಟಕ್ಕೂ ಪ್ರಾರ್ಥನೆ ಯಾರು ಬೇಕಾದರೂ ಮಾಡಬಹುದು, ಧರ್ಮಗ್ರಂಥ ಮೊಬೈಲ್‌ನಲ್ಲೇ ಇದೆ. ಹೀಗಿರುವಾಗ ದೀಕ್ಷೆ ಪಡೆದ ಗುರುಗಳು ಅಂತ ಪ್ರತ್ಯೇಕ ಜನ ಯಾಕೆ ಬೇಕು? ಅವರು ಸಮಾಜದ ವಿಷಯ, ರಾಜಕೀಯ ಎಲ್ಲ ಮಾತಾಡುವುದು ಸರಿಯಾ?

ಉತ್ತರ: ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸಿಬಿಡುತ್ತೇನೆ. ನಿಮ್ಮ ಮದುವೆ ಗಟ್ಟಿಯಾಗಿದೆ. ಆ ದಿನ ಅವರಿಗೆ ಮದುವೆ ಮಾಡಿಸುವ ಅಧಿಕಾರ ಇತ್ತು ಅಂದರೆ ಅಷ್ಟು ಸಾಕು. ಆಮೇಲೆ ಅವರ ಹುದ್ದೆ ಹೋಗಿರಬಹುದು. ಮದುವೆಯ ದಿನವೇ ಅವರ ನಡತೆ ಕೆಟ್ಟಿದ್ದಿರಲೂಬಹುದು. ಎರಡರಿಂದಲೂ ನಿಮ್ಮ ಮದುವೆಗೆ ಏನೂ ಆಗುವುದಿಲ್ಲ.

ನಿಮ್ಮದು ಕ್ಯಾಥೊಲಿಕ್ ಸಭೆ, ಅಂದರೆ ಚರ್ಚ್, ಆಗಿದ್ದರೆ ಇನ್ನೂ ಒಂದು ಮಾತು ಇದೆ. ರೋಮನ್ ಪದ್ಧತಿಯ ಬೋಧನೆಯಲ್ಲಿ ಮದುವೆಯ ಸಂಸ್ಕಾರ ಕೊಡುವವರು ಪಾದ್ರಿ ಅಲ್ಲವೇ ಅಲ್ಲ. ಗಂಡು ಹೆಣ್ಣಿಗೆ ಕೊಡುತ್ತಾನೆ, ಹೆಣ್ಣು ಗಂಡಿಗೆ ಕೊಡುತ್ತಾಳೆ. ಪಾದ್ರಿ ಸಭೆಯ ಪರವಾಗಿ ನಿಂತು ಇಬ್ಬರ ಒಪ್ಪಿಗೆ ಕೇಳುತ್ತಾರೆ, ಅದಕ್ಕೆ ಸಾಕ್ಷಿಯಾಗುತ್ತಾರೆ. 1563ರವರೆಗೆ ಪಾದ್ರಿ ಇಲ್ಲದೆ ಇಬ್ಬರೇ ಗುಟ್ಟಾಗಿ ಮಾತು ಕೊಟ್ಟುಕೊಂಡರೂ ಸಭೆ ಅದನ್ನು ಮದುವೆ ಅಂತಲೇ ಒಪ್ಪುತ್ತಿತ್ತು. ಆದರೆ ಹೀಗೆ ಮಾತು ಕೊಟ್ಟು ಆಮೇಲೆ ತಪ್ಪಿ, "ನಾನು ಹಾಗೆ ಹೇಳೇ ಇಲ್ಲ" ಅನ್ನುವವರು ಜಾಸ್ತಿಯಾದರು. ಹೆಚ್ಚಾಗಿ ಕಷ್ಟಕ್ಕೆ ಸಿಕ್ಕವರು ಹೆಂಗಸರು. ಅದಕ್ಕೇ ಆ ವರ್ಷ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಪಾದ್ರಿ ಮತ್ತು ಇನ್ನಿಬ್ಬರು ಸಾಕ್ಷಿಗಳು ಇರಲೇಬೇಕು ಅಂತ ನಿಯಮ ಮಾಡಿತು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಪಾದ್ರಿಯ ಆಶೀರ್ವಾದ ಇಲ್ಲದೆ ಮದುವೆ ಪೂರ್ತಿಯಾಗುವುದಿಲ್ಲ. ಆದರೆ ಆಶೀರ್ವದಿಸಿದವರ ನಡತೆ ಕೆಟ್ಟಿತ್ತು ಅಂತ ಅಲ್ಲೂ ಮದುವೆ ಮುರಿದುಬೀಳುವುದಿಲ್ಲ.

ನಿಮ್ಮ ಪ್ರಶ್ನೆಗೆ ಸುಮಾರು 1,700 ವರ್ಷ ವಯಸ್ಸಾಗಿದೆ. 303ರಲ್ಲಿ ರೋಮ್ ಚಕ್ರವರ್ತಿ ಡಯೊಕ್ಲೇಶಿಯನ್ ಕ್ರೈಸ್ತರನ್ನು ಹಿಂಸಿಸಲು ಶುರು ಮಾಡಿದ. ಗ್ರಂಥಗಳನ್ನು ತಂದು ಒಪ್ಪಿಸಬೇಕು, ಸುಡುವುದಕ್ಕೆ. ಇಲ್ಲದಿದ್ದರೆ ಸೆರೆ, ಸಾವು. ಉತ್ತರ ಆಫ್ರಿಕಾದಲ್ಲಿ ಕೆಲವು ಪಾದ್ರಿಗಳು, ಬಿಷಪ್‌ಗಳು ಹೆದರಿ ಒಪ್ಪಿಸಿಬಿಟ್ಟರು. ಒಪ್ಪಿಸದ ಕೆಲವರು ಜೀವ ಕಳೆದುಕೊಂಡರು. ಹಿಂಸೆ ನಿಂತಿತು, ಆದರೆ ಗಾಯ ಮಾಯಲಿಲ್ಲ. ಕಾರ್ಥೇಜ್ ಪಟ್ಟಣಕ್ಕೆ ಕೆಸಿಲಿಯನ್ ಎಂಬುವರು ಬಿಷಪ್ ಆದಾಗ ಜನ ತಿರುಗಿಬಿದ್ದರು. ಅವರಿಗೆ ದೀಕ್ಷೆ ಕೊಟ್ಟ ಬಿಷಪ್ ಗ್ರಂಥ ಒಪ್ಪಿಸಿದ ದ್ರೋಹಿ ಅನ್ನುವುದು ಆರೋಪ. ದ್ರೋಹಿ ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲ, ಹಾಗಾಗಿ ಕೆಸಿಲಿಯನ್ ಬಿಷಪ್ಪೇ ಅಲ್ಲ, ಅವರು ದೀಕ್ಷೆ ಕೊಟ್ಟವರು ಪಾದ್ರಿಗಳೇ ಅಲ್ಲ. ಎಳೆ ಬಿಚ್ಚುತ್ತಾ ಹೋದರೆ ಇಡೀ ಬಟ್ಟೆಯೇ ಬಿಚ್ಚಿಹೋಗುತ್ತದೆ. ಈ ವಾದ ಹಿಡಿದವರನ್ನು ಅವರ ನಾಯಕ ಡೊನಾಟಸ್ ಹೆಸರಿನಿಂದ ಡೊನಾಟಿಸ್ಟರು ಅಂದರು. ಊರೂರಲ್ಲಿ ಇಬ್ಬಿಬ್ಬರು ಬಿಷಪ್‌ಗಳಾದರು. ಜಗಳ ನೂರು ವರ್ಷ ಮೀರಿ ನಡೆಯಿತು.

ಇದಕ್ಕೆ ಉತ್ತರ ಕೊಟ್ಟವರು ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ (354–430). ದೀಕ್ಷಾಸ್ನಾನ, ಅಂದರೆ ನೀರಿನಿಂದ ಕ್ರೈಸ್ತರಾಗಿಸುವ ಸಂಸ್ಕಾರ, ಯೇಸುವಿನ ಶಿಷ್ಯ ಪೇತ್ರನ ಕೈಯಿಂದ ಆದರೂ, ಯೇಸುವಿಗೆ ದ್ರೋಹ ಬಗೆದ ಯೂದನ ಕೈಯಿಂದ ಆದರೂ, ಕೊಡುವವನು ಕ್ರಿಸ್ತನೇ ಅಂದರು ಅವರು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸಾಮಾನ್ಯ ಭಕ್ತರ ಮೇಲಿನ ಕಾಳಜಿ. ಸಂಸ್ಕಾರದ ಬೆಲೆ ಪಾದ್ರಿಯ ಶುದ್ಧಿಯ ಮೇಲೆ ನಿಂತಿದೆ ಅಂದುಕೊಳ್ಳಿ. ಆಗ ಯಾವ ತಾಯಿಗೂ ತನ್ನ ಮಗುವಿಗೆ ನಿಜವಾಗಿ ದೀಕ್ಷಾಸ್ನಾನ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಪಾದ್ರಿಯ ಎದೆಯೊಳಗೆ ಏನಿದೆ ಅಂತ ಯಾರು ಇಣುಕಿ ನೋಡಿದ್ದಾರೆ? ಬೇರೆಯವರ ಪಾಪದ ಲೆಕ್ಕ ನಿಮ್ಮ ತಲೆಗೆ ಬರಬಾರದು, ಅಷ್ಟೇ. (ಅದೇ ಅಗಸ್ಟೀನ್ ಮುಂದೆ ಡೊನಾಟಿಸ್ಟರ ಮೇಲೆ ಸರ್ಕಾರದ ಬಲ ಬಳಸುವುದನ್ನೂ ಒಪ್ಪಿದರು. ಅದನ್ನು ನಾನು ಒಪ್ಪಲಾರೆ.)

ಈ ಉತ್ತರವನ್ನು ಮುಂದೆ ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿಬಿಟ್ಟರು. "ಅವರು ಮಾಡಿಸಿದ ಪೂಜೆ ಸರಿ, ಹಾಗಾಗಿ ಅವರ ತಂಟೆಗೆ ಹೋಗಬೇಡಿ" ಅನ್ನುವವರು ಎಲ್ಲ ಕಾಲದಲ್ಲೂ ಇದ್ದರು. ಪೂರ್ತಿ ಉತ್ತರ ಬೇಕಾದರೆ 1571ರಲ್ಲಿ ಅಂತಿಮ ರೂಪಕ್ಕೆ ಬಂದ ಇಂಗ್ಲೆಂಡ್ ಸಭೆಯ 39 ವಿಧಿಗಳಲ್ಲಿ 26ನೆಯದನ್ನು ನೋಡಿ. ಅಯೋಗ್ಯ ಗುರುವಿನ ಕೈಯಿಂದ ಆದರೂ ಸಂಸ್ಕಾರದ ಫಲ ಕಡಿಮೆಯಾಗುವುದಿಲ್ಲ ಅಂತ ಅದರ ಮೊದಲ ಭಾಗ ಹೇಳುತ್ತದೆ. ಎರಡನೆಯ ಭಾಗದ ಮಾತು ಬೇರೆ. ಕೆಟ್ಟ ಗುರುಗಳ ಬಗ್ಗೆ ವಿಚಾರಣೆ ಆಗಬೇಕು, ತಪ್ಪು ಗೊತ್ತಿದ್ದವರು ದೂರು ಕೊಡಬೇಕು, ತಪ್ಪು ಸಾಬೀತಾದರೆ ಅವರನ್ನು ಹುದ್ದೆಯಿಂದ ಇಳಿಸಬೇಕು. ಎರಡೂ ಮಾತು ಒಂದೇ ವಿಧಿಯಲ್ಲಿ, ಒಂದರ ಹಿಂದೆ ಒಂದು ಇವೆ. ನನ್ನ ಉತ್ತರದ ತಿರುಳೂ ಇದೇ. ದೀಕ್ಷೆ ಆ ವ್ಯಕ್ತಿಯ ಸ್ವಂತ ಆಸ್ತಿ ಅಲ್ಲ. ಅದು ಜನರಿಗೋಸ್ಕರ ಅವರ ಕೈಗೆ ಒಪ್ಪಿಸಿದ ಕೆಲಸ. ಹಾಗಾಗಿ ಅವರ ಪಾಪದಿಂದ ಜನರಿಗೆ ಸಿಕ್ಕಿದ್ದು ಹಾಳಾಗುವುದಿಲ್ಲ. ಹಾಗೆಯೇ, ದೀಕ್ಷೆಯ ಹಿಂದೆ ಅಡಗಿ ಕೂರುವ ಹಕ್ಕೂ ಅವರಿಗೆ ಇಲ್ಲ.

ದೀಕ್ಷೆಯ ವಿಧಿಯನ್ನೇ ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ. ಕ್ಯಾಥೊಲಿಕ್ ಗುರುದೀಕ್ಷೆಯಲ್ಲಿ ಅಭ್ಯರ್ಥಿಯನ್ನು ಹೆಸರು ಹಿಡಿದು ಕರೆಯುತ್ತಾರೆ. "ಈತ ಯೋಗ್ಯ ಅಂತ ನಿಮಗೆ ಗೊತ್ತೇ?" ಅಂತ ಬಿಷಪ್ ಎಲ್ಲರೆದುರು ಕೇಳುತ್ತಾರೆ. ಜನರಲ್ಲಿ ವಿಚಾರಿಸಿದ್ದೇವೆ, ಯೋಗ್ಯ ಅಂತ ಕಂಡುಬಂದಿದೆ ಅಂತ ತರಬೇತಿ ಕೊಟ್ಟವರು ಉತ್ತರ ಕೊಡಬೇಕು. ಆಮೇಲೆ ಅಭ್ಯರ್ಥಿ ತನ್ನ ಎರಡೂ ಕೈಯನ್ನು ಬಿಷಪ್ ಕೈಯೊಳಗಿಟ್ಟು ವಿಧೇಯತೆಯ ಮಾತು ಕೊಡುತ್ತಾನೆ. ನೆಲದ ಮೇಲೆ ಬೋರಲಾಗಿ ಮಲಗುತ್ತಾನೆ. ಅಷ್ಟು ಹೊತ್ತು ಜನ ಸಂತರ ಹೆಸರು ಒಂದೊಂದಾಗಿ ಹೇಳಿ ಅವನಿಗಾಗಿ ಬೇಡಿಕೊಳ್ಳುತ್ತಾರೆ. ಬಿಷಪ್ ಅವನ ತಲೆಯ ಮೇಲೆ ಕೈಯಿಡುತ್ತಾರೆ. ಆಗ ಯಾರೂ ಮಾತಾಡುವುದಿಲ್ಲ. ಬಂದಿರುವ ಪಾದ್ರಿಗಳೆಲ್ಲ ಸಾಲಾಗಿ ಬಂದು ಕೈಯಿಡುತ್ತಾರೆ. ದೀಕ್ಷೆಯ ಪ್ರಾರ್ಥನೆ ಮುಗಿದ ಮೇಲೆ ಅಂಗೈಗೆ ಎಣ್ಣೆಯ ಅಭಿಷೇಕ. ಆರ್ಥೊಡಾಕ್ಸ್ ಸಭೆಗಳಲ್ಲಿ ಇನ್ನೂ ನೇರ. "ಯೋಗ್ಯ" ಅಂತ ಜನರೇ ಗಟ್ಟಿಯಾಗಿ ಕೂಗುತ್ತಾರೆ.

ಬೌದ್ಧರಲ್ಲಿ ಪೂರ್ಣ ಭಿಕ್ಖುವಾಗಿ ಸೇರಿಸಿಕೊಳ್ಳುವ ವಿಧಿ, ಉಪಸಂಪದಾ, ಇದಕ್ಕಿಂತ ಹಳೆಯದು. ಅದು ನಡೆಯಬೇಕಾದರೆ ಕನಿಷ್ಠ 10 ಭಿಕ್ಖುಗಳು ಸೇರಿರಬೇಕು. ದೂರದ ಗಡಿನಾಡಾದರೆ 5 ಮಂದಿ ಸಾಕು. ಬಂದವನಿಗೆ ಒಂದರ ಹಿಂದೆ ಒಂದು ಪ್ರಶ್ನೆ ಹಾಕುತ್ತಾರೆ. ಕುಷ್ಠ, ಕ್ಷಯ, ಮೂರ್ಛೆರೋಗ ಇದೆಯಾ? ನೀನು ಮನುಷ್ಯನಾ? ಯಾರಿಗಾದರೂ ಆಳಾಗಿದ್ದೀಯಾ? ಸಾಲ ಇದೆಯಾ? ರಾಜನ ನೌಕರಿಯಲ್ಲಿದ್ದೀಯಾ? ಅಪ್ಪ ಅಮ್ಮನ ಒಪ್ಪಿಗೆ ಇದೆಯಾ? 20 ವರ್ಷ ತುಂಬಿದೆಯಾ? ಭಿಕ್ಷಾಪಾತ್ರೆ, ಚೀವರ (ಭಿಕ್ಖುವಿನ ಬಟ್ಟೆ) ಇವೆಯಾ? ನಿನ್ನ ಹೆಸರೇನು, ನಿನ್ನ ಉಪಾಧ್ಯಾಯರ (ದೀಕ್ಷಾಗುರುಗಳ) ಹೆಸರೇನು? ಸಾಲ ತಪ್ಪಿಸಿಕೊಳ್ಳಲು, ಸೈನ್ಯ ಬಿಟ್ಟು ಓಡಲು, ಮನೆಯವರಿಗೆ ಹೇಳದೆ ಜಾರಿಕೊಳ್ಳಲು ಇಲ್ಲಿ ದಾರಿ ಇಲ್ಲ. ವಿಷಯವನ್ನು ಸಂಘದ ಮುಂದೆ ಒಂದು ಸಲ ಇಟ್ಟು, ಮೂರು ಸಲ ಸಾರುತ್ತಾರೆ. ಯಾರೂ ಬೇಡ ಅನ್ನದಿದ್ದರೆ ಸಂಘದ ಒಪ್ಪಿಗೆ ಇದೆ ಅಂತ ಅರ್ಥ. ಅದು ಮುಗಿದ ತಕ್ಷಣ ನೆರಳನ್ನು ಅಳೆಯಬೇಕು ಅಂತ ಭಿಕ್ಖುಗಳ ನಿಯಮಗ್ರಂಥವಾದ ವಿನಯ ಹೇಳುತ್ತದೆ. ಯಾವ ಹೊತ್ತಿಗೆ ದೀಕ್ಷೆಯಾಯಿತು ಅನ್ನುವುದರ ಮೇಲೆ ಹಿರಿಯ ಯಾರು, ಕಿರಿಯ ಯಾರು ಅಂತ ನಿರ್ಧಾರವಾಗುವುದರಿಂದ ಗಡಿಯಾರ ಇಲ್ಲದ ಕಾಲದಲ್ಲಿ ಇದೇ ದಾಖಲೆ. ಕೊನೆಗೆ ನಾಲ್ಕು ತಪ್ಪುಗಳನ್ನು ಅಲ್ಲೇ ಹೇಳಿಬಿಡುತ್ತಾರೆ. ಲೈಂಗಿಕ ಸಂಬಂಧ, ಕಳ್ಳತನ, ಮನುಷ್ಯನ ಕೊಲೆ, ಇಲ್ಲದ ಸಿದ್ಧಿ ಇದೆ ಅಂತ ಕೊಚ್ಚಿಕೊಳ್ಳುವುದು. ಇವುಗಳಲ್ಲಿ ಒಂದನ್ನು ಮಾಡಿದರೂ ಅವನು ಭಿಕ್ಖುವಲ್ಲ. ದೀಕ್ಷೆ ಕೊಡುವಾಗಲೇ ದೀಕ್ಷೆ ಹೋಗುವ ದಾರಿಯನ್ನೂ ಹೇಳಿರುತ್ತಾರೆ.

ಎರಡು ಕಡೆಯೂ "ನನಗೆ ದೇವರ ಕರೆ ಬಂದಿದೆ" ಅಥವಾ "ನನಗೆ ವೈರಾಗ್ಯ ಬಂದಿದೆ" ಅಂದರೆ ಸಾಕಾಗುವುದಿಲ್ಲ. ಬೇರೆಯವರು ನೋಡಬೇಕು, ಕೇಳಬೇಕು, ಒಪ್ಪಬೇಕು. ದೀಕ್ಷೆ ಪಡೆದವನು ಯಾರಿಗೆ ಉತ್ತರ ಕೊಡಬೇಕು ಅನ್ನುವುದು ಮೊದಲ ದಿನವೇ ಗೊತ್ತಿರುತ್ತದೆ. ತನ್ನಷ್ಟಕ್ಕೆ ತಾನೇ ಗುರು ಅಂತ ಘೋಷಿಸಿಕೊಂಡವರಿಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇವರು ಬೇಕೇ ಬೇಕಾ? ಇದಕ್ಕೆ ತರ್ಕದಿಂದ ಉತ್ತರ ಕೊಡುವುದಕ್ಕಿಂತ, ಗುರುಗಳನ್ನು ಕಳೆದುಕೊಂಡ ಜನರ ಕಥೆ ನೋಡುವುದು ಒಳ್ಳೆಯದು. ನಾನು ಪಾಠ ಮಾಡುವಾಗಲೂ ಇದನ್ನೇ ಹೇಳುತ್ತಿದ್ದೆ.

ಜಪಾನಿಗೆ ಕ್ರೈಸ್ತ ಧರ್ಮ 1549ರಲ್ಲಿ ಬಂತು. 1614ರಲ್ಲಿ ದೇಶಕ್ಕೆಲ್ಲ ನಿಷೇಧ ಬಿತ್ತು. 1644ರ ಹೊತ್ತಿಗೆ ಅಲ್ಲಿದ್ದ ಕೊನೆಯ ಪಾದ್ರಿಯೂ ಹತರಾದರು. ಆಮೇಲೆ 200 ವರ್ಷಕ್ಕೂ ಜಾಸ್ತಿ ಪಾದ್ರಿಯೇ ಇಲ್ಲ. ನಾಗಾಸಾಕಿ ಸುತ್ತಲಿನ ರೈತರು, ಮೀನುಗಾರರು ಮೇಲುನೋಟಕ್ಕೆ ಬೌದ್ಧರಾಗಿ ಬದುಕಿದರು. ಒಳಗೆ ತಮ್ಮ ತಮ್ಮಲ್ಲೇ ಕೆಲಸ ಹಂಚಿಕೊಂಡರು. ಒಬ್ಬರು ಹಬ್ಬದ ದಿನಗಳ ಲೆಕ್ಕ ಇಡುವವರು. ಇನ್ನೊಬ್ಬರು ಮಕ್ಕಳಿಗೆ ದೀಕ್ಷಾಸ್ನಾನದ ನೀರು ಹಾಕುವವರು. ಮತ್ತೊಬ್ಬರು ಮನೆಮನೆಗೆ ಸುದ್ದಿ ಮುಟ್ಟಿಸುವವರು. ದೀಕ್ಷಾಸ್ನಾನ ಉಳಿಯಿತು, ಏಕೆಂದರೆ ತುರ್ತಿದ್ದಾಗ ಅದನ್ನು ಯಾರು ಬೇಕಾದರೂ ಕೊಡಬಹುದು ಅಂತ ಸಭೆ ಮೊದಲೇ ಒಪ್ಪಿತ್ತು. ಪಾದ್ರಿಯೇ ನಡೆಸಬೇಕಾದ ಮುಖ್ಯ ಆರಾಧನೆಯಾದ ಬಲಿಪೂಜೆ ಹೋಯಿತು. ಪಾದ್ರಿಯ ಮುಂದೆ ತಪ್ಪು ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆ ಹೋಯಿತು. ಪಾದ್ರಿ ಸಿಗದಿದ್ದರೆ ಮನಸಾರೆ ಪಶ್ಚಾತ್ತಾಪ ಪಟ್ಟರೆ ಸಾಕು ಅಂತ ಹೇಳುವ, 1603ರಲ್ಲಿ ಅಚ್ಚಾದ ಒಂದು ಸಣ್ಣ ಹೊತ್ತಗೆ ಅವರಿಗೆ ಆಸರೆಯಾಯಿತು. ಏಳು ತಲೆಮಾರು ಕಳೆದ ಮೇಲೆ ಪಾಪನಿವೇದನೆ ಕೇಳುವ ಗುರುಗಳು ಹಡಗಿನಲ್ಲಿ ಬರುತ್ತಾರೆ ಅನ್ನುವ ನಂಬಿಕೆಯನ್ನು ಮಕ್ಕಳಿಗೆ ಹೇಳಿಕೊಂಡು ಬಂದರು.

1865ರ ಮಾರ್ಚ್ 17ರಂದು ನಾಗಾಸಾಕಿಯ ಓಉರಾದಲ್ಲಿ ಹೊಸದಾಗಿ ಕಟ್ಟಿದ್ದ ಚರ್ಚಿಗೆ ಒಂದು ಸಣ್ಣ ಗುಂಪು ಬಂತು. ಫ್ರೆಂಚ್ ಪಾದ್ರಿ ಪೆತಿಜಾನ್ ಅಲ್ಲಿದ್ದರು. ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಅಂತ ಒಬ್ಬ ಹೆಂಗಸು ಹತ್ತಿರ ಬಂದು ಹೇಳಿದಳು. ಮರಿಯಮ್ಮನ ಮೂರ್ತಿ ಎಲ್ಲಿದೆ ಅಂತ ಕೇಳಿದಳು. ಆಮೇಲೆ ಸಾವಿರಾರು ಜನ ಹೊರಗೆ ಬಂದರು. ಪಾದ್ರಿ ಇಲ್ಲದೆ ನಂಬಿಕೆ ಉಳಿಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆದರೆ ಕಥೆಗೆ ಇನ್ನೊಂದು ಮುಖ ಇದೆ. ಎಲ್ಲರೂ ಹೊರಗೆ ಬರಲಿಲ್ಲ. ಕೆಲವರ ಪಾಲಿಗೆ ಅಷ್ಟು ವರ್ಷಗಳಲ್ಲಿ ಪ್ರಾರ್ಥನೆಯ ಲ್ಯಾಟಿನ್, ಪೋರ್ಚುಗೀಸ್ ಪದಗಳು ಅರ್ಥ ಕಳೆದುಕೊಂಡಿದ್ದವು. ಆಚರಣೆ ಬೇರೆಯೇ ದಾರಿ ಹಿಡಿದಿತ್ತು. ಅದೇ ಅವರಿಗೆ ಹಿರಿಯರು ಬಿಟ್ಟುಹೋದ ಧರ್ಮವಾಗಿತ್ತು. ಅವರು ಅದನ್ನೇ ಉಳಿಸಿಕೊಂಡರು. ಇದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ದೂರದ ಊರಿನ ಭಕ್ತರನ್ನೂ, ಹಿಂದಿನ ತಲೆಮಾರನ್ನೂ ಇಂದಿನವರ ಜೊತೆ ಒಂದೇ ಎಳೆಯಲ್ಲಿ ಹಿಡಿದಿಡುವ ಕೆಲಸವನ್ನು ಯಾರಾದರೂ ಮಾಡಬೇಕು, ಅದು ತಾನಾಗಿ ಆಗುವುದಿಲ್ಲ ಅನ್ನುವುದು ಮಾತ್ರ ಇಲ್ಲಿ ಕಾಣುತ್ತದೆ.

ರಷ್ಯಾದ ಹಳೆ ನಂಬಿಕೆಯವರ ಕಥೆ ಇನ್ನೂ ಸಂಕಟದ್ದು. 1650ರ ದಶಕದಲ್ಲಿ ರಷ್ಯಾದ ಆರ್ಥೊಡಾಕ್ಸ್ ಸಭೆ ಪೂಜಾವಿಧಿಗಳನ್ನು ತಿದ್ದಿದಾಗ ಇವರು ಒಪ್ಪಲಿಲ್ಲ. ಶಿಲುಬೆ ಗುರುತು ಹಾಕಲು ಎರಡು ಬೆರಳೋ ಮೂರು ಬೆರಳೋ ಅನ್ನುವುದೂ ಜಗಳದ ಒಂದು ವಿಷಯ. 1666–67ರಲ್ಲಿ ನಡೆದ ಚರ್ಚಿನ ಮಹಾಸಭೆ ಇವರನ್ನು ಹೊರಗೆ ಹಾಕಿತು. ಇವರ ಜೊತೆ ಬಿಷಪ್ ಯಾರೂ ಉಳಿದಿರಲಿಲ್ಲ. ಬಿಷಪ್ ಇಲ್ಲದಿದ್ದರೆ ಹೊಸ ಪಾದ್ರಿಗೆ ದೀಕ್ಷೆ ಕೊಡುವವರಿಲ್ಲ. ಇದ್ದ ಪಾದ್ರಿಗಳು ಒಬ್ಬೊಬ್ಬರಾಗಿ ತೀರಿಕೊಂಡರು. ಆಗ ಎರಡು ಪಂಗಡವಾಯಿತು. ಒಂದು ಪಂಗಡದವರು ಅಧಿಕೃತ ಸಭೆ ಬಿಟ್ಟು ಓಡಿಬಂದ ಪಾದ್ರಿಗಳನ್ನು ಸೇರಿಸಿಕೊಂಡರು. ಅವರಲ್ಲಿ ಹಲವರಿಗೆ 1846ರಲ್ಲಿ ಆಂಬ್ರೋಸ್ ಎಂಬ ಬಿಷಪ್ ಸಿಕ್ಕ ಮೇಲೆ ತಮ್ಮದೇ ಪರಂಪರೆ ಸಿಕ್ಕಿತು. ಇನ್ನೊಂದು ಪಂಗಡದವರು ಪಾದ್ರಿ ಇಲ್ಲದೆಯೇ ಇರಲು ತೀರ್ಮಾನಿಸಿದರು. ದೀಕ್ಷಾಸ್ನಾನವನ್ನು ಹಿರಿಯರು ಕೊಟ್ಟರು. ತಪ್ಪೊಪ್ಪಿಗೆಯನ್ನು ಹಿರಿಯರು ಕೇಳಿದರು. ಮದುವೆಯ ವಿಷಯ ಬಂದಾಗ ಮಾತ್ರ ದಾರಿಯೇ ಕಾಣಲಿಲ್ಲ. ಪಾದ್ರಿ ಇಲ್ಲದೆ ಮದುವೆ ಇಲ್ಲ, ಹಾಗಾಗಿ ಎಲ್ಲರೂ ಬ್ರಹ್ಮಚಾರಿಗಳಾಗಿರಿ ಅಂದವರೂ ಇದ್ದರು. ಅಪ್ಪ ಅಮ್ಮನ ಆಶೀರ್ವಾದ ಸಾಕು ಅಂದವರೂ ಇದ್ದರು. ಈ ಒಂದೇ ಪ್ರಶ್ನೆಗೆ ಅವರು ತಲೆಮಾರುಗಟ್ಟಲೆ ಒಡೆದರು. ನೋಡಿ, ನಿಮ್ಮನ್ನು ಕಾಡಿದ್ದೂ ಮದುವೆಯೇ. ಪ್ರಾರ್ಥನೆಯನ್ನು ಒಬ್ಬರೇ ಮಾಡಬಹುದು. ಮದುವೆ ಹಾಗಲ್ಲ. ಅದನ್ನು ನಾಲ್ಕು ಜನ ಒಪ್ಪಬೇಕು, ನಾಳೆ ಕೇಳಿದಾಗ "ಹೌದು, ಆಗಿದೆ" ಅಂತ ಹೇಳುವವರು ಇರಬೇಕು.

ಹಾಗಾದರೆ ದೀಕ್ಷೆ ಇಲ್ಲದ ಧರ್ಮಗಳು ನಡೆಯುತ್ತಿಲ್ಲವಾ? ಖಂಡಿತ ನಡೆಯುತ್ತಿವೆ. ಸಿಖ್ಖರಲ್ಲಿ ಪುರೋಹಿತ ವರ್ಗ ಇಲ್ಲ. ಮುಸ್ಲಿಮರಲ್ಲಿ ನಮಾಜಿಗೆ ಮುಂದೆ ನಿಲ್ಲಲು ದೀಕ್ಷೆಯ ಸಂಸ್ಕಾರ ಬೇಕಿಲ್ಲ, ಕುರಾನ್ ಸರಿಯಾಗಿ ಬಲ್ಲವರು ನಿಲ್ಲುತ್ತಾರೆ. ಯೆಹೂದಿಗಳಲ್ಲಿ 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದ ಮೇಲೆ ಬಲಿ ಕೊಡುವ ಯಾಜಕರ ಕೆಲಸವೇ ನಿಂತಿತು. ರಬ್ಬಿಗಳು ಮುಂದೆ ಬಂದರು. ಅವರು ಧರ್ಮಶಾಸ್ತ್ರ ಬಲ್ಲ ಗುರುಗಳು, ಪೂಜಾರಿಗಳಲ್ಲ. 10 ಜನ ಸೇರಿದರೆ ರಬ್ಬಿ ಇಲ್ಲದೆಯೂ ಸಾಮೂಹಿಕ ಪ್ರಾರ್ಥನೆ ಆಗುತ್ತದೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಥದವರು ದೀಕ್ಷೆಯನ್ನೇ ಕೈಬಿಟ್ಟರು. ಅವರ ಮದುವೆಯಲ್ಲಿ ಗಂಡು ಹೆಣ್ಣು ಎದ್ದು ನಿಂತು ಮಾತು ಕೊಡುತ್ತಾರೆ. ಅಲ್ಲಿ ಕೂತಿರುವ ಪ್ರತಿಯೊಬ್ಬರೂ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಗುರು ಇಲ್ಲ ಅಂದಮಾತ್ರಕ್ಕೆ ಗುರುವಿನ ಕೆಲಸ ಇಲ್ಲವಾಗಲಿಲ್ಲ, ಅದು ಎಲ್ಲರ ಹೆಗಲಿಗೆ ಬಂತು. ಎಲ್ಲರೂ ಹೊರಲು ಸಿದ್ಧರಿದ್ದರೆ ಅದು ಬಹಳ ಒಳ್ಳೆಯ ವ್ಯವಸ್ಥೆ. ಹೊರಲು ಮನಸ್ಸಿಲ್ಲದೆ, ಗುರುವೂ ಬೇಡ ಅಂದರೆ ಮಾತ್ರ ಕಷ್ಟ. ಮೊಬೈಲ್‌ನಲ್ಲಿ ಗ್ರಂಥ ಸಿಗುತ್ತದೆ, ನಿಜ. ರೋಗಿಯ ಹಾಸಿಗೆ ಪಕ್ಕ ರಾತ್ರಿ ಕೂರುವವರು ಅದರಲ್ಲಿ ಸಿಗುವುದಿಲ್ಲ.

ಯಾರಿಗೆ ದೀಕ್ಷೆ ಕೊಡಬಹುದು ಅನ್ನುವುದು ಇನ್ನೊಂದು ದೊಡ್ಡ ವಿಷಯ. ಇಲ್ಲಿ ಒಂದೇ ಉದಾಹರಣೆ ಕೊಡುತ್ತೇನೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಚೀನಾ ಕರಾವಳಿಯ ಮಕಾವ್‌ನಲ್ಲಿ ಆಂಗ್ಲಿಕನ್ (ಇಂಗ್ಲೆಂಡ್ ಸಭೆಯ ಪರಂಪರೆಯ) ಭಕ್ತರಿಗೆ ಪಾದ್ರಿ ಸಿಗುತ್ತಿರಲಿಲ್ಲ. ಅಲ್ಲಿ ಜನರನ್ನು ನೋಡಿಕೊಳ್ಳುತ್ತಿದ್ದವರು ಫ್ಲಾರೆನ್ಸ್ ಲೀ ಟಿಮ್-ಓಯ್. 1944ರ ಜನವರಿ 25ರಂದು ಹಾಂಗ್‌ಕಾಂಗ್ ಬಿಷಪ್ ಅವರಿಗೆ ಗುರುದೀಕ್ಷೆ ಕೊಟ್ಟರು. ಆಂಗ್ಲಿಕನ್ ಸಭೆಯಲ್ಲಿ ಹೆಂಗಸರಿಗೆ ಅದೇ ಮೊದಲು. ಯುದ್ಧ ಮುಗಿದ ಮೇಲೆ ವಿರೋಧ ಬಂತು. ಅವರು ಪಾದ್ರಿಯಾಗಿ ಕೆಲಸ ಮಾಡುವುದನ್ನು ನಿಲ್ಲಿಸಿದರು, ಆದರೆ ದೀಕ್ಷೆ ಬಿಟ್ಟುಕೊಡಲಿಲ್ಲ. ಇಂಗ್ಲೆಂಡಿನ ಸಭೆಯಲ್ಲಿ ಹೆಂಗಸರು ಪಾದ್ರಿಗಳಾಗಲು 1994 ಬರಬೇಕಾಯಿತು. ಅದೇ ವರ್ಷ ಪೋಪ್ ಎರಡನೆಯ ಜಾನ್ ಪಾಲ್, ಕ್ಯಾಥೊಲಿಕ್ ಸಭೆಗೆ ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರ ಇಲ್ಲ ಅಂತ ಹೇಳಿದರು. ಎರಡು ಕಡೆಯವರಿಗೂ ಅವರವರ ದೇವಶಾಸ್ತ್ರದ ಆಧಾರ ಇದೆ. ನನ್ನ ಮನಸ್ಸು ಲೀ ಅವರ ಕಡೆಗೇ ವಾಲುತ್ತದೆ. ಜನಕ್ಕೆ ಬೇಕಾಗಿತ್ತು, ಕೆಲಸ ಮಾಡುವವರು ಅಲ್ಲೇ ಇದ್ದರು.

ಇನ್ನು ನಿಮ್ಮ ಪಾದ್ರಿಯ ವಿಷಯಕ್ಕೆ ಒಂದು ಮಾತು. ಅವರ ತಪ್ಪು ಏನು ಅಂತ ನೀವು ಬರೆದಿಲ್ಲ, ನಾನೂ ಊಹಿಸುವುದಿಲ್ಲ. ಆದರೆ ಅವರನ್ನು ತೆಗೆದರು ಅನ್ನುವುದು ಒಳ್ಳೆಯ ಸುದ್ದಿ. ತೆಗೆಯದೆ ಬೇರೆ ಊರಿಗೆ ವರ್ಗ ಮಾಡಿದ ಕಡೆಗಳಲ್ಲಿ ಏನಾಯಿತು ಅಂತ ಜಗತ್ತು ನೋಡಿದೆ. 2002ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯದ ಪ್ರಕರಣಗಳು ಹೊರಬಿದ್ದವು. 2018ರಲ್ಲಿ ಪೆನ್ಸಿಲ್ವೇನಿಯಾದ ಗ್ರ್ಯಾಂಡ್ ಜ್ಯೂರಿ ವರದಿ 300ಕ್ಕೂ ಹೆಚ್ಚು ಪಾದ್ರಿಗಳು, 1,000ಕ್ಕೂ ಹೆಚ್ಚು ಮಕ್ಕಳ ಲೆಕ್ಕ ಕೊಟ್ಟಿತು. 2021ರಲ್ಲಿ ಫ್ರಾನ್ಸಿನ ಸ್ವತಂತ್ರ ಆಯೋಗ, 1950ರಿಂದ ಅಲ್ಲಿ ಪಾದ್ರಿಗಳು ಮತ್ತು ಸನ್ಯಾಸಿಗಳಿಂದ ಸುಮಾರು 2,16,000 ಮಕ್ಕಳು ದೌರ್ಜನ್ಯಕ್ಕೆ ಒಳಗಾಗಿರಬಹುದು ಅಂತ ಅಂದಾಜು ಮಾಡಿತು. ಇಂಥ ಪ್ರಕರಣಗಳ ವಿಚಾರಣೆಗೆ ಇದ್ದ ಪೋಪ್ ಕಚೇರಿಯ ರಹಸ್ಯದ ನಿಯಮವನ್ನು ಪೋಪ್ ಫ್ರಾನ್ಸಿಸ್ 2019ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದರು. ಬಹಳ ತಡವಾಗಿ. ಗುರುವಿನ ಮಾತಿಗೆ ಮನೆಯ ಬಾಗಿಲು ಸುಲಭವಾಗಿ ತೆರೆಯುತ್ತದೆ, ಅವನ ಮೇಲೆ ಬಂದ ದೂರಿಗೆ ಯಾರ ಕಿವಿಯೂ ಸುಲಭವಾಗಿ ತೆರೆಯುವುದಿಲ್ಲ. ದೌರ್ಜನ್ಯ ಬೆಳೆದಿದ್ದು ಈ ಎರಡರ ನಡುವೆ. ಯಾವ ಧರ್ಮದ ಸಂಸ್ಥೆಗೆ ಸೇರಿದವರಾದರೂ ನೀವು ಕೇಳಬೇಕಾದ ಪ್ರಶ್ನೆಗಳು ಇವು. ಇವರ ಮೇಲೆ ದೂರು ಬಂದರೆ ಯಾರಿಗೆ ಕೊಡಬೇಕು? ಆ ಕೇಳುವವರು ಇವರ ಗೆಳೆಯರಲ್ಲ ತಾನೇ? ಪೊಲೀಸರಿಗೆ ಹೋಗಬೇಡಿ ಅಂತ ಯಾರಾದರೂ ಅನ್ನುತ್ತಾರಾ? ಲೆಕ್ಕಪತ್ರ ಇವರೊಬ್ಬರ ಕೈಯಲ್ಲೇ ಇದೆಯಾ? ಕೇಳಿದರೆ ಮುಖ ಗಂಟು ಹಾಕುವವರ ಹತ್ತಿರ ಹುಷಾರಾಗಿರಿ.

ಕೊನೆಗೆ ಸಮಾಜ ಮತ್ತು ರಾಜಕೀಯ. ದೀಕ್ಷೆ ಪಡೆದವರು ಸಮಾಜದಲ್ಲಿ ಮಾಡಿದ ಕೆಲಸ ಅಂದರೆ ಶಾಲೆ, ಆಸ್ಪತ್ರೆ ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಅಷ್ಟಾಗಿ ಕಣ್ಣಿಗೆ ಬೀಳದ ಎರಡು ಕೆಲಸ ಹೇಳುತ್ತೇನೆ. ಒಂದು, ಲೆಕ್ಕ ಬರೆದಿಡುವುದು. 1538ರಲ್ಲಿ ಇಂಗ್ಲೆಂಡಿನ ಪ್ರತಿ ಚರ್ಚಿನ ಪಾದ್ರಿಯೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ ಆಜ್ಞೆಯಾಯಿತು. ಹೆಸರು ಎಲ್ಲೂ ಉಳಿಯದಿದ್ದ ಕೂಲಿಯವನ ಹೆಸರೂ ಉಳಿದಿದ್ದು ಹಾಗೆ.

ಇನ್ನೊಂದು, "ನಾನು ಮಾಡುವುದಿಲ್ಲ" ಅನ್ನುವುದು. ಮಧ್ಯಯುಗದ ಯುರೋಪಿನಲ್ಲಿ ಅಪರಾಧ ಪತ್ತೆಗೆ ದೈವಪರೀಕ್ಷೆ ಇತ್ತು. ಕಾಯಿಸಿದ ಕಬ್ಬಿಣವನ್ನು ಆರೋಪಿ ಬರಿಗೈಯಲ್ಲಿ ಹಿಡಿದು ಕೆಲವು ಹೆಜ್ಜೆ ನಡೆಯಬೇಕು. ಕೈಗೆ ಬಟ್ಟೆ ಸುತ್ತಿ ಮೂರು ದಿನ ಬಿಟ್ಟು ಬಿಚ್ಚುತ್ತಾರೆ. ಗಾಯ ಮಾಯುತ್ತಿದ್ದರೆ ನಿರಪರಾಧಿ, ಕೀವಾಗಿದ್ದರೆ ಅಪರಾಧಿ. ಆ ಕಬ್ಬಿಣವನ್ನು ಆಶೀರ್ವದಿಸುವವರು ಪಾದ್ರಿ. 1215ರಲ್ಲಿ ನಾಲ್ಕನೆಯ ಲ್ಯಾಟರನ್ ಮಹಾಸಭೆ, ಪಾದ್ರಿಗಳು ಇನ್ನು ಮುಂದೆ ಇದನ್ನು ಆಶೀರ್ವದಿಸಬಾರದು ಅಂತ ತೀರ್ಮಾನಿಸಿತು. ಆಶೀರ್ವಾದ ಇಲ್ಲದ ಕಬ್ಬಿಣ ಬರಿ ಕಬ್ಬಿಣ ಅಲ್ವಾ? ಪದ್ಧತಿಯೇ ಕುಸಿಯಿತು. ಇಂಗ್ಲೆಂಡಿನ ನ್ಯಾಯಾಧೀಶರು 1219ರಿಂದ ಬೇರೆ ದಾರಿ ಹುಡುಕಬೇಕಾಯಿತು, ಅಪರಾಧ ಪ್ರಕರಣಗಳ ತೀರ್ಪು ಜ್ಯೂರಿಯ, ಅಂದರೆ ಊರಿನ ಜನರಿಂದಲೇ ಆರಿಸಿದ ತೀರ್ಪುಗಾರರ, ಕೈಗೆ ಹೋಯಿತು. ಮ್ಯಾನ್ಮಾರ್‌ನಲ್ಲಿ 2007ರ ಸೆಪ್ಟೆಂಬರ್‌ನಲ್ಲಿ ಭಿಕ್ಖುಗಳು ಭಿಕ್ಷಾಪಾತ್ರೆ ಮಗುಚಿದರು. ಸೈನ್ಯದ ಆಡಳಿತಗಾರರ ಮನೆಯಿಂದ ಭಿಕ್ಷೆ ತೆಗೆದುಕೊಳ್ಳುವುದಿಲ್ಲ ಅಂತ ಅದರ ಅರ್ಥ. ಕೊಡುವವನಿಗೆ ಭಿಕ್ಷೆಯಿಂದ ಪುಣ್ಯ ಸಿಗುತ್ತದೆ ಅನ್ನುವ ನಂಬಿಕೆ ಇರುವಲ್ಲಿ ಇದು ದೊಡ್ಡ ಶಿಕ್ಷೆ. ಆಯುಧ ಇಲ್ಲದವರ ಹತ್ತಿರ ಇದ್ದ ಬಲ ಇಷ್ಟೇ, ತಮ್ಮ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು.

ಎಲ್ ಸಾಲ್ವಡೋರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ 1980ರ ಮಾರ್ಚ್ 23ರ ಪ್ರಸಂಗದಲ್ಲಿ, ನಿಮ್ಮವರನ್ನೇ ಕೊಲ್ಲುವ ಆಜ್ಞೆ ಪಾಲಿಸಬೇಡಿ ಅಂತ ಸೈನಿಕರಿಗೆ ಹೇಳಿದರು. ಮಾರನೆಯ ದಿನ ಬಲಿಪೂಜೆ ಮಾಡುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು. ಅದೇ ಸಭೆಯ, ಅದೇ ದೀಕ್ಷೆ ಪಡೆದ ಇನ್ನೊಬ್ಬ ಪಾದ್ರಿ ಅಥನಾಸ್ ಸೆರೊಂಬಾ. 1994ರಲ್ಲಿ ರುವಾಂಡಾದಲ್ಲಿ ಟುಟ್ಸಿ ಜನಾಂಗದ ನರಮೇಧ ನಡೆದಾಗ ನ್ಯಾಂಗೆ ಎಂಬಲ್ಲಿ ಟುಟ್ಸಿ ಜನ ಜೀವ ಉಳಿಸಿಕೊಳ್ಳಲು ಅವರ ಚರ್ಚಿಗೆ ಓಡಿಬಂದರು. ಒಳಗೆ 1,500ಕ್ಕೂ ಹೆಚ್ಚು ಜನ ಇದ್ದಾಗಲೇ ಕಟ್ಟಡವನ್ನು ಬುಲ್ಡೋಜರ್‌ನಿಂದ ಕೆಡವಿದರು. ಅದರಲ್ಲಿ ಸೆರೊಂಬಾ ಭಾಗಿಯಾಗಿದ್ದು ಸಾಬೀತಾಯಿತು. ಅಂತರರಾಷ್ಟ್ರೀಯ ನ್ಯಾಯಮಂಡಳಿ 2008ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೀಕ್ಷೆ ಮನುಷ್ಯನನ್ನು ತಾನಾಗಿ ಒಳ್ಳೆಯವನನ್ನಾಗಿ ಮಾಡುವುದಿಲ್ಲ. ಅಗಸ್ಟೀನ್ ಹೇಳಿದ್ದರ ಇನ್ನೊಂದು ಅರ್ಥ ಇದೇ.

ಹಾಗಾಗಿ ಮಾತಾಡಬಹುದಾ ಅಂದರೆ, ಅನ್ಯಾಯದ ಬಗ್ಗೆ ಮಾತಾಡಲೇಬೇಕು. ಅಧಿಕಾರ ಹಿಡಿಯುವುದು ಬೇರೆ ವಿಷಯ. ಸೈಪ್ರಸ್‌ನಲ್ಲಿ ಆರ್ಚ್‌ಬಿಷಪ್ ಮಕಾರಿಯೋಸ್ ದೇಶದ ಮೊದಲ ಅಧ್ಯಕ್ಷರೂ ಆದರು. ಕ್ಯಾಥೊಲಿಕ್ ನಿಯಮ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಸಂಸತ್ತಿನಲ್ಲಿದ್ದ ಜೆಸುಯಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿ ರಾಬರ್ಟ್ ಡ್ರೈನನ್ 1980ರಲ್ಲಿ ಪೋಪ್ ಆಜ್ಞೆಯಂತೆ ಚುನಾವಣೆಯಿಂದ ಹಿಂದೆ ಸರಿದರು. ಪರಗ್ವೆಯಲ್ಲಿ ಬಿಷಪ್ ಆಗಿದ್ದ ಫೆರ್ನಾಂಡೊ ಲುಗೊ 2008ರಲ್ಲಿ ಅಧ್ಯಕ್ಷರಾಗಿ ಗೆದ್ದ ಮೇಲೆ ಅವರನ್ನು ಗುರುಪಟ್ಟದಿಂದ ಬಿಡುಗಡೆ ಮಾಡಿದರು. ನನಗೆ ಈ ನಿಯಮ ಸರಿ ಅನ್ನಿಸುತ್ತದೆ. ಗುರುಗಳು ಇಂಥವರಿಗೇ ವೋಟು ಹಾಕಿ ಅಂದರೆ, ಆ ಕಡೆ ವೋಟು ಹಾಕದ ಮನೆಯವರು ನಾಳೆ ಮಗಳ ಕಷ್ಟವನ್ನೋ ಗಂಡನ ಕುಡಿತವನ್ನೋ ಹೇಳಿಕೊಳ್ಳಲು ಅವರ ಹತ್ತಿರ ಬರುವುದಿಲ್ಲ. ಪಾಪನಿವೇದನೆಯಲ್ಲಿ ಕೇಳಿದ ಮಾತನ್ನು ಹೊರಗೆ ಹೇಳಿದ ಪಾದ್ರಿಗೆ ಸಭೆಯಿಂದ ಬಹಿಷ್ಕಾರ ಅಂತ ನಿಯಮ ಇರುವುದು, ಯಾರು ಬೇಕಾದರೂ ಧೈರ್ಯವಾಗಿ ಬಂದು ಬಾಯಿಬಿಡಲಿ ಅಂತಲೇ. ಪಕ್ಷದ ಬಾವುಟ ಹಿಡಿದವರ ಮುಂದೆ ಹಾಗೆ ಬಾಯಿಬಿಡಲು ಜನ ಹಿಂದೆಮುಂದೆ ನೋಡುತ್ತಾರೆ. ನಿಮ್ಮ ಹೊಸ ಪಾದ್ರಿ ಬಡವರ ಜಮೀನಿನ ಬಗ್ಗೆ, ಕೂಲಿಯ ಬಗ್ಗೆ, ಜಾತಿ ದ್ವೇಷದ ಬಗ್ಗೆ ಮಾತಾಡಿದರೆ ಬಿಡಿ, ಮಾತಾಡಲಿ. ಅಭ್ಯರ್ಥಿಯ ಹೆಸರು ಹೇಳಿದರೆ ಆ ದಿನವೇ ಎದ್ದು ನಿಂತು ಬೇಡ ಅನ್ನಿ.